ಉಣ್ಣೆಗೆ ಗಿಡದ ಮದ್ದು

ಕನ್ನಡದಲ್ಲಿ 'ಉಣ್ಣೆ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಚಳಿಗಾಲದಲ್ಲಿ ನಮ್ಮ ಮೈಯನ್ನು ಬೆಚ್ಚಗಿಡುವ ಕುರಿಯ ತುಪ್ಪಟ ಒಂದು. ಅದು ಸಂಸ್ಕೃತದ 'ಊರ್ಣಾ' ಶಬ್ದದ ತದ್ಭವ. ಅದೇ ತುಪ್ಪಟದೊಳಗೆ ಅಡಗಿ ಕುಳಿತು ಕುರಿಯ ನೆತ್ತರನ್ನು ಹೀರುವ ಜಂತು ಇನ್ನೊಂದು. ಇದು ನಮ್ಮ ದ್ರಾವಿಡ ಬಳಗದ ಮಾತು. ತಮಿಳರು 'ಉಣ್ಣಿ' ಎನ್ನುತ್ತಾರೆ. ನಮ್ಮಲ್ಲಿಯೂ ಕೆಲವೆಡೆ 'ಉಣುಗು' ಎನ್ನುವುದುಂಟು. 'ಉಣ್ಣು' ಎಂಬ ಕ್ರಿಯಾಪದದ ದನಿ ಈ ಹೆಸರಿನಲ್ಲಿ ಕಿವಿಗೆ ಕೇಳಿಸುತ್ತದೆ. ಹೆಸರು ತಕ್ಕುದೇ ಸರಿ. ಏಕೆಂದರೆ ಉಣ್ಣುವುದನ್ನು ಬಿಟ್ಟು ಈ ಜಂತುವಿಗೆ ಬೇರೊಂದು ಕಸುಬಿಲ್ಲ. ಕೆಚ್ಚಲಿಗೇ ಕಚ್ಚಿಕೊಂಡಿದ್ದರೂ ಹಾಲನ್ನು ಬಿಟ್ಟು ರಕ್ತವನ್ನೇ ಕುಡಿಯುವ ಇದನ್ನು, ಸಜ್ಜನರ ಸಂಗದಲ್ಲಿದ್ದೂ ಒಳ್ಳೆಯದನ್ನು ಕಲಿಯದವನಿಗೆ ಉಪಮಾನವಾಗಿ ನಮ್ಮ ಹಿರಿಯರು ಬಳಸುತ್ತ ಬಂದಿದ್ದಾರೆ.

ಈ ವಾರ ಉಪಮೇಯದ ಗೊಡವೆ ನಮಗೆ ಬೇಡ. ಉಪಮಾನವಾದ ಜಂತುವನ್ನೇ ಸ್ವಲ್ಪ ನೋಡೋಣ. ಪಟ್ಟಣದಲ್ಲಿರುವ ನಮಗೆ ಉಣ್ಣೆಯ ಸಹವಾಸವೇನು ಎಂದು ವಾಚಕರು ಕೇಳಬಹುದು. ನಾಯಿ ಸಾಕಿದ ಮನೆಯವರು ಆ ಪ್ರಶ್ನೆಯನ್ನು ಕೇಳಲಾರರು. ನಾಯಿಯ ಕಿವಿಯ ಹಿಂದೆ ಹರಳಿನ ಬೀಜದಂತೆ ಊದಿಕೊಂಡು ಕುಳಿತದ್ದನ್ನೂ, ಗೋಡೆಯ ಮೇಲೆ ಸಾಲಾಗಿ ಹತ್ತುವ ಮರಿಗಳನ್ನೂ ಕಂಡು ಗೃಹಿಣಿಯರು ಹೌಹಾರುವುದು ಹೊಸತಲ್ಲ. ಆಗ ಮನೆಯಲ್ಲಿ ಒಂದು ಚರ್ಚೆ ಹುಟ್ಟುತ್ತದೆ. 'ಮಕ್ಕಳು ಆಡುವ ಮನೆ. ನಾಯಿಗೆ ವಿಷವನ್ನು ಹಚ್ಚುವುದೇಕೆ? ಬೇವಿನೆಣ್ಣೆ ಸಾಲದೆ?' ಎಂದು ಒಬ್ಬರು ಕೇಳುತ್ತಾರೆ. 'ಹೌದು, ಗಿಡಮೂಲಿಕೆಯಲ್ಲವೆ, ಅದರಿಂದ ಅಪಾಯವೇನು?' ಎಂದು ಇನ್ನೊಬ್ಬರು ದನಿಗೂಡಿಸುತ್ತಾರೆ. ಮೊದಲನೆಯದು ಬಹಳ ಒಳ್ಳೆಯ ಪ್ರಶ್ನೆ. ಜಗತ್ತಿನ ಅನೇಕ ಪ್ರಯೋಗಶಾಲೆಗಳು ಇಂದು ಅದನ್ನೇ ಕೇಳುತ್ತಿವೆ. ಎರಡನೆಯ ಮಾತು ಮಾತ್ರ ಕೆಲವೊಮ್ಮೆ ಪ್ರಾಣಕ್ಕೇ ಎರವಾಗುವಂಥದು. ಈ ಎರಡರ ನಡುವಣ ಅಂತರವನ್ನು ಅರಿಯುವುದೇ ಇಲ್ಲಿಯ ಉದ್ದೇಶ.

ಉಣ್ಣೆಯು ಕೀಟವಲ್ಲ, ಜೇಡ, ಚೇಳುಗಳ ಬಳಗಕ್ಕೆ ಸೇರಿದ ಎಂಟು ಕಾಲಿನ ಜೀವಿ. ಮೊಟ್ಟೆಯಿಂದ ಆಗತಾನೆ ಹೊರಬಂದ ಮರಿಗೆ ಮಾತ್ರ ಆರು ಕಾಲು. ಅದರ ದೃಷ್ಟಿ ಮಂದ. ಆದರೆ ಮುಂಗಾಲುಗಳ ತುದಿಯಲ್ಲಿರುವ ಒಂದು ಸಣ್ಣ ಗುಳಿಯು ಮೂಗಿನ ಕೆಲಸವನ್ನು ಮಾಡುತ್ತದೆ. ಪ್ರಾಣಿಗಳ ಉಸಿರು, ಮೈಯ ಬಿಸಿ, ಬೆವರಿನ ವಾಸನೆ ಇವೆಲ್ಲವನ್ನೂ ಅದು ಆ ಗುಳಿಯಿಂದಲೇ ಗ್ರಹಿಸುತ್ತದೆ. ಹುಲ್ಲಿನ ತುದಿಯನ್ನೇರಿ, ಮುಂಗಾಲುಗಳನ್ನು ಚಾಚಿ, ತಪಸ್ಸಿಗೆ ನಿಂತಂತೆ ಅದು ಕಾಯುತ್ತದೆ. ಬೆಳೆದ ಉಣ್ಣೆಗಳು ತಿಂಗಳುಗಟ್ಟಲೆ ಉಪವಾಸವಿರಬಲ್ಲವು. ದನವೋ ನಾಯಿಯೋ ಒರಸಿಕೊಂಡು ಹೋದೊಡನೆ ತಪಸ್ಸು ಫಲಿಸಿತು. ರಕ್ತ ಕುಡಿದು ತೃಪ್ತಿಯಾದ ಹೆಣ್ಣು ಕೆಳಗುದುರಿ, ನೆಲದ ಬಿರುಕಿನಲ್ಲಿಯೋ ಗೋಡೆಯ ಸಂದಿನಲ್ಲಿಯೋ 2,000ಕ್ಕೂ ಹೆಚ್ಚು ಮೊಟ್ಟೆಗಳನ್ನಿಟ್ಟು ಸಾಯುತ್ತದೆ.

ಇದರಲ್ಲಿ ನಾವು ನೆನಪಿಡಬೇಕಾದ ಸಂಗತಿಯೊಂದಿದೆ. ದನದ ಉಣ್ಣೆಗಳಲ್ಲಿ ಒಂದು ಮುಖ್ಯ ಜಾತಿಯು ಮರಿಯಾಗಿ ಹತ್ತಿದ ಹಸುವಿನ ಮೇಲೆಯೇ ಸುಮಾರು 3 ವಾರ ಇದ್ದು, ಅಲ್ಲಿಯೇ ಬೆಳೆದು ದೊಡ್ಡದಾಗುತ್ತದೆ. ನಾಯಿಯ ಕಂದು ಉಣ್ಣೆಯ ರೀತಿ ಬೇರೆ. ಅದು ಒಂದೊಂದು ಅವಸ್ಥೆಯಲ್ಲಿಯೂ ರಕ್ತ ಕುಡಿದು ಕೆಳಗಿಳಿಯುತ್ತದೆ, ಮರೆಯಲ್ಲಿ ಪೊರೆ ಕಳಚುತ್ತದೆ, ಮತ್ತೆ ಹತ್ತುತ್ತದೆ. ಆದಕಾರಣ ನಾಯಿಯ ಮೈಮೇಲೆ ನಾವು ಕಾಣುವುದು ಉಣ್ಣೆಯ ಸಂಸಾರದ ಒಂದು ಸಣ್ಣ ಭಾಗ ಮಾತ್ರ. ಉಳಿದ ಸಂಸಾರವು ನಾಯಿ ಮಲಗುವ ಗೋಣಿಯ ಕೆಳಗೆ, ಬಾಗಿಲ ಚೌಕಟ್ಟಿನ ಸಂದಿನಲ್ಲಿ, ಕಾಂಪೌಂಡಿನ ಕಲ್ಲುಗಳ ನಡುವೆ ಸುಖವಾಗಿರುತ್ತದೆ. ಯಾವ ಮದ್ದನ್ನೇ ಆಗಲಿ, ಗಿಡದ್ದಾಗಲಿ ಅಂಗಡಿಯದಾಗಲಿ, ನಾಯಿಯ ಮೈಗೆ ಒಮ್ಮೆ ಹಚ್ಚಿ ಸುಮ್ಮನಾದರೆ ಕೆಲಸ ಕೆಡುವುದು ಇದರಿಂದಲೇ.

ರಕ್ತ ಹೀರುವುದು ಒಂದು ಪೀಡೆಯಾದರೆ, ಹೀರುವಾಗ ರೋಗವನ್ನು ಬಿತ್ತುವುದು ಅದಕ್ಕಿಂತ ದೊಡ್ಡ ಪೀಡೆ. ಈ ಸತ್ಯವನ್ನು ಮೊದಲು ಸಿದ್ಧಪಡಿಸಿದವರು ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್. ಟೆಕ್ಸಾಸ್ ಜ್ವರವೆಂದು ಹೆಸರಾಗಿದ್ದ ದನಗಳ ಮಾರಿಯನ್ನು ಉಣ್ಣೆಗಳೇ ಹರಡುತ್ತವೆಂದು ಅವರು 1893ರಲ್ಲಿ ತೋರಿಸಿಕೊಟ್ಟರು. ಸೊಳ್ಳೆಗೂ ಮಲೇರಿಯಕ್ಕೂ ಇರುವ ನಂಟನ್ನು ರೊನಾಲ್ಡ್ ರಾಸ್ ನಮ್ಮ ದೇಶದಲ್ಲಿ ಕಂಡುಕೊಳ್ಳುವುದಕ್ಕೆ ಅದು 4 ವರ್ಷ ಮೊದಲು. ಆ ರೋಗದ ಬಳಗವು ನಮ್ಮಲ್ಲಿಯೂ ಉಂಟು; ಹಸುವಿನ ಮೂತ್ರವು ಕಾಫಿಯ ಬಣ್ಣಕ್ಕೆ ತಿರುಗುವುದು ಅದರ ಒಂದು ಲಕ್ಷಣ. ಥೈಲೇರಿಯ ಎಂಬ ಇನ್ನೊಂದು ರೋಗಾಣುವು ನಾಟಿ ಹಸುಗಳಿಗಿಂತ ಮಿಶ್ರತಳಿಯ ಹಸುಗಳನ್ನು ಹೆಚ್ಚಾಗಿ ಕಾಡುತ್ತದೆ. ಹಾಲಿಗಾಗಿ ಸಾಲ ಮಾಡಿ ತಂದ ಹಸು ನಾಲ್ಕಾರು ದಿನಗಳ ಜ್ವರದಲ್ಲಿ ಕಣ್ಮುಚ್ಚಿದರೆ ಒಂದು ಸಂಸಾರದ ಅನ್ನವೇ ಹೋದಂತೆ. ನಾಯಿಗಳಿಗೆ ಬರುವ 'ಟಿಕ್ ಫೀವರ್' ಕೂಡ ಇದೇ ಜಂತುವಿನ ದಾನ.

ಇಂಥ ಶತ್ರುವಿನೊಡನೆ ಮನುಷ್ಯನು ಹೂಡಿದ ಯುದ್ಧದ ಚರಿತ್ರೆ ಕುತೂಹಲಕರವಾದುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಸ್ಟ್ರೇಲಿಯದವರು ಪಾಷಾಣದ ನೀರನ್ನು ತೊಟ್ಟಿಗಳಲ್ಲಿ ತುಂಬಿ ದನಗಳನ್ನು ಅದರಲ್ಲಿ ಮುಳುಗಿಸಿ ಎಬ್ಬಿಸತೊಡಗಿದರು. ಅಮೆರಿಕದವರು 1906ರಲ್ಲಿ ಆರಂಭಿಸಿದ ಉಣ್ಣೆ ನಿರ್ಮೂಲನದ ಕಾರ್ಯವು, ಮೆಕ್ಸಿಕೋ ಗಡಿಯ ಒಂದು ಪಟ್ಟಿಯನ್ನು ಬಿಟ್ಟು, 1943ರಲ್ಲಿ ಮುಗಿಯಿತು. ಉಳಿದ ದೇಶಗಳಲ್ಲಿ ಉಣ್ಣೆ ಅಷ್ಟು ಸುಲಭವಾಗಿ ಸೋಲಲಿಲ್ಲ. 1930ರ ದಶಕದ ಹೊತ್ತಿಗೆ ಪಾಷಾಣವನ್ನೇ ಜೀರ್ಣಿಸಿಕೊಳ್ಳುವ ಉಣ್ಣೆಗಳು ಹುಟ್ಟಿಕೊಂಡವು. ಮಹಾಯುದ್ಧದ ಅನಂತರ ಡಿ.ಡಿ.ಟಿ. ಬಂದಿತು, ಹತ್ತು ವರ್ಷಗಳು ಕಳೆಯುವುದರೊಳಗೆ ಅದಕ್ಕೂ ಉಣ್ಣೆ ಒಗ್ಗಿಕೊಂಡಿತು. ಆ ಬಳಿಕ ಒಂದರ ಹಿಂದೆ ಒಂದು ಹೊಸ ಮದ್ದು, ಒಂದರ ಹಿಂದೆ ಒಂದು ಹೊಸ ಸೋಲು. ಇದರಲ್ಲಿ ಉಣ್ಣೆಯ ಬುದ್ಧಿವಂತಿಕೆ ಏನೂ ಇಲ್ಲ. ಸಾವಿರದಲ್ಲಿ ಒಂದೆರಡು ಹುಟ್ಟಿನಿಂದಲೇ ಗಟ್ಟಿಯಾಗಿರುತ್ತವೆ. ಮದ್ದು ಮಿಕ್ಕವನ್ನು ಕೊಂದು ಅವಕ್ಕೆ ಜಾಗ ಮಾಡಿಕೊಡುತ್ತದೆ. ಮುಂದಿನ ಪೀಳಿಗೆಯೆಲ್ಲ ಆ ಗಟ್ಟಿ ಉಣ್ಣೆಗಳ ಮಕ್ಕಳು.

ಪಾಷಾಣಕ್ಕಿಂತಲೂ ಮೊದಲು ರೈತನ ಕೈಯಲ್ಲಿ ಇದ್ದುದು ಗಿಡವೇ. ನೆಲ ಬಿಟ್ಟು ಓಡಲಾರದ ಗಿಡವು ತನ್ನನ್ನು ತಿನ್ನಬರುವ ಜಂತುಗಳನ್ನು ತಡೆಯುವುದಕ್ಕೆ ಎಲೆ, ತೊಗಟೆ, ಬೀಜಗಳಲ್ಲಿ ಬಗೆಬಗೆಯ ರಸಾಯನಗಳನ್ನು ಕೂಡಿಡುತ್ತದೆ. ಅವು ಅದರ ಕೋಟೆ ಕೊತ್ತಲ. ನಮ್ಮ ಹಳ್ಳಿಗಳಲ್ಲಿ ಬೇವಿನೆಣ್ಣೆ, ಹೊಂಗೆಯೆಣ್ಣೆ, ಬಜೆಯ ಬೇರು, ಸೀತಾಫಲದ ಬೀಜ, ಲಕ್ಕಿ ಸೊಪ್ಪಿನ ಹೊಗೆ, ಹೊಗೆಸೊಪ್ಪಿನ ಕಷಾಯ ಇವೆಲ್ಲವೂ ಕೊಟ್ಟಿಗೆಯ ಔಷಧಗಳಾಗಿದ್ದವು. ಹೊಗೆಸೊಪ್ಪಿನ ನೀರಿನಲ್ಲಿ ಕುರಿಗಳನ್ನು ಮೀಯಿಸುವ ಪದ್ಧತಿ ಹೊರದೇಶಗಳಲ್ಲಿಯೂ ಇತ್ತು. ಅದು ಜಂತುವನ್ನು ಕೊಲ್ಲುವುದು ನಿಜ. ಅದರಲ್ಲಿರುವ ನಿಕೋಟಿನ್ ಚರ್ಮದ ಮೂಲಕ ರಕ್ತಕ್ಕಿಳಿದು ಕರುವನ್ನೂ ಕೊಲ್ಲಬಲ್ಲುದೆಂಬುದೂ ಅಷ್ಟೇ ನಿಜ. ಸೀತಾಫಲದ ಬೀಜದ ಪುಡಿಯನ್ನು ಹೇನಿಗೆಂದು ತಲೆಗೆ ಹಚ್ಚಿಕೊಂಡು, ಅದು ಕಣ್ಣಿಗೆ ಬಿದ್ದು, ಕಣ್ಣಿನ ಪಾರದರ್ಶಕ ಪಟಲವೇ ಸುಟ್ಟಂತಾಗಿ ಆಸ್ಪತ್ರೆಗೆ ಬಂದವರ ವಿಷಯವು ನಮ್ಮ ದೇಶದ ನೇತ್ರವೈದ್ಯರ ವರದಿಗಳಲ್ಲಿಯೇ ಇದೆ. ಗಿಡದ ಕೋಟೆಯು ಉಣ್ಣೆಗೆಂದು ಕಟ್ಟಿದ್ದಲ್ಲ, ನಮಗೆ ಬಾಗಿಲು ತೆರೆದಿಟ್ಟದ್ದೂ ಅಲ್ಲ.

ಸಸ್ಯವಿಷಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಒಂದು ಹೂವಿನದು. ನಮ್ಮ ಹೆಂಗಳೆಯರು ಮುಡಿಯುವ ಸೇವಂತಿಗೆಯ ಹತ್ತಿರದ ಬಂಧುವಾದ ಪೈರೆಥ್ರಮ್ ಎಂಬ ಬಿಳಿಯ ಹೂವು ಆಡ್ರಿಯಾಟಿಕ್ ಸಮುದ್ರದ ದಂಡೆಯ ಡಾಲ್ಮೇಷಿಯದ್ದು. ಅನಂತರ ಕೀನ್ಯದ ಬೆಟ್ಟಗಳಲ್ಲಿ ಹೇರಳವಾಗಿ ಬೆಳೆಯಿತು. ಒಣಗಿಸಿ ಪುಡಿ ಮಾಡಿದ ಈ ಹೂವು ಜಂತುಗಳ ನರಗಳನ್ನು ಹಿಡಿದು, ಅವು ಒಮ್ಮೆಲೇ ಕಾಲು ಮೇಲಾಗಿ ಬೀಳುವಂತೆ ಮಾಡುತ್ತದೆ. ಸ್ಟೌಡಿಂಗರ್ ಮತ್ತು ರುಜಿಕಾ ಎಂಬ ರಸಾಯನಜ್ಞರು ಇದರ ಸಾರದ ರಚನೆಯನ್ನು ಕುರಿತ ತಮ್ಮ ಶೋಧವನ್ನು 1924ರಲ್ಲಿ ಪ್ರಕಟಿಸಿದರು; ಇಬ್ಬರಿಗೂ ಮುಂದೆ ನೊಬೆಲ್ ಪಾರಿತೋಷಕ ದೊರೆಯಿತು. ಹೂವಿನ ಸಾರವು ಬಿಸಿಲಿಗೆ ಕೆಲವೇ ಗಂಟೆಗಳಲ್ಲಿ ಕರಗಿಹೋಗುತ್ತದೆ. ಮಣ್ಣಿನಲ್ಲಿ ಉಳಿಯುವುದಿಲ್ಲ, ಹಾಲಿನಲ್ಲಿ ಸೇರಿ ನಮ್ಮ ಮಕ್ಕಳ ಲೋಟಕ್ಕೆ ಬರುವ ಭಯ ಕಡಿಮೆ. ಆದರೆ ಬಿಸಿಲಿನಲ್ಲಿ ಮೇಯುವ ಹಸುವಿನ ಬೆನ್ನ ಮೇಲೆ ಸಂಜೆಯವರೆಗೆ ನಿಲ್ಲದ ಮದ್ದು ನಾಳೆ ಹತ್ತುವ ಉಣ್ಣೆಯನ್ನು ತಡೆಯುವುದು ಹೇಗೆ? ಬೇಗ ಅಳಿಯುವುದು ಸಸ್ಯವಿಷದ ದೊಡ್ಡ ಗುಣ. ಅದೇ ಅದರ ದೊಡ್ಡ ದೋಷ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯೆಲ್ಲ ತಾನಾಗಿ ಅರ್ಥವಾಗುತ್ತದೆ.

ದೋಷವನ್ನು ತಿದ್ದಲು ರಸಾಯನಜ್ಞರು ಹೂವಿನ ಸಾರವನ್ನೇ ಮಾದರಿಯಾಗಿಟ್ಟುಕೊಂಡು ಕೃತಕ ಸಾರಗಳನ್ನು ಕಟ್ಟತೊಡಗಿದರು. 1949ರಲ್ಲಿ ಅಲ್ಲೆಥ್ರಿನ್ ಬಂದಿತು. ಸೊಳ್ಳೆಬತ್ತಿಗಳ ಮೂಲಕ ಅದರ ಘಾಟು ನಮ್ಮ ಮಲಗುವ ಕೋಣೆಗಳಿಗೂ ಪರಿಚಿತವಾಯಿತು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾಲಯದಲ್ಲಿ ಮೈಕೇಲ್ ಎಲಿಯಟ್ ಮತ್ತು ಅವರ ಸಂಗಡಿಗರು ಬಿಸಿಲಿಗೆ ಬಗ್ಗದ ಪರ್ಮೆಥ್ರಿನ್ ಅನ್ನು 1973ರಲ್ಲಿ ಲೋಕಕ್ಕೆ ತಿಳಿಸಿದರು. ಮರುವರ್ಷವೇ ಅದಕ್ಕಿಂತ ಪ್ರಬಲವಾದ ಡೆಲ್ಟಾಮೆಥ್ರಿನ್. ಈ ಹೂವಿನ ಮಕ್ಕಳು ದಿನಗಟ್ಟಲೆ, ವಾರಗಟ್ಟಲೆ ನಿಂತವು. ನಿಂತದ್ದರಿಂದಲೇ ಉಣ್ಣೆಗಳಿಗೆ ಅವುಗಳ ಪರಿಚಯ ಬೆಳೆಯಿತು. ಇಂದು ಭಾರತದ ಅನೇಕ ರಾಜ್ಯಗಳ ದನದ ಉಣ್ಣೆಗಳು ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ಗಳಿಗೆ ಜಗ್ಗುವುದಿಲ್ಲವೆಂದು ಪಶುವೈದ್ಯ ವಿಜ್ಞಾನಿಗಳು ಮತ್ತೆ ಮತ್ತೆ ತೋರಿಸಿದ್ದಾರೆ. ತಾಯಿಯಲ್ಲಿದ್ದ ದೌರ್ಬಲ್ಯವನ್ನು ಮಕ್ಕಳಲ್ಲಿ ತೆಗೆದುಹಾಕಿದಾಗ ತಾಯಿಯ ಒಂದು ರಕ್ಷೆಯೂ ಹೋಯಿತು.

ಬೆಕ್ಕು ಸಾಕಿದವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಾಯಿಯ ಬೆನ್ನಿಗೆ ಹನಿಸುವ ಕೆಲವು ಉಣ್ಣೆಮದ್ದುಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ನಾಯಿಯ ಯಕೃತ್ತು ಅದನ್ನು ಬೇಗ ಒಡೆದು ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ಕಡಿಮೆ. ನಾಯಿಗೆ ಕ್ಷೇಮವಾದ ಒಂದು ಹನಿಯಿಂದ ಬೆಕ್ಕು ನಡುಗಿ, ಸೆಡೆತು, ಸತ್ತುಹೋದ ಪ್ರಸಂಗಗಳು ಲೋಕದಾದ್ಯಂತ ವರದಿಯಾಗಿವೆ. 'ಸೇವಂತಿಗೆಯ ಜಾತಿಯ ಹೂವಿನಿಂದ ಬಂದದ್ದು' ಎಂಬ ವಂಶಾವಳಿ ಬೆಕ್ಕಿನ ಪ್ರಾಣವನ್ನು ಉಳಿಸಲಾರದು. ಟೀ ಟ್ರೀ ಮೊದಲಾದ ಸುಗಂಧ ತೈಲಗಳ ವಿಷಯವೂ ಹೀಗೆಯೇ. ಅಪ್ಪಟ ಸಸ್ಯಜನ್ಯವಾದರೂ ಬೆರಸದೆ ಹಾಗೆಯೇ ಹಚ್ಚಿದರೆ ನಾಯಿಗೂ ಬೆಕ್ಕಿಗೂ ವಿಷ. ಮೈ ನೆಕ್ಕಿಕೊಳ್ಳುವುದು ಅವುಗಳ ಸ್ವಭಾವವಾದ್ದರಿಂದ ಹಚ್ಚಿದ್ದೆಲ್ಲ ಹೊಟ್ಟೆಗೂ ಹೋಗುತ್ತದೆ.

ಈಗ ನಮ್ಮ ಬೇವಿನ ಬಳಿಗೆ ಬರೋಣ. ಬೇವಿನ ಕಹಿಯ ರಸಾಯನವನ್ನು ಆಧುನಿಕ ರೀತಿಯಲ್ಲಿ ಬಿಡಿಸಿದವರಲ್ಲಿ ಮೊದಲಿಗರು ಸಲೀಮುಜ್ಜಮಾನ್ ಸಿದ್ದೀಕಿ; 1942ರಲ್ಲಿ ಅವರು ಬೇವಿನೆಣ್ಣೆಯಿಂದ ನಿಂಬಿನ್ ಮೊದಲಾದ ಕಹಿವಸ್ತುಗಳನ್ನು ಬೇರ್ಪಡಿಸಿದರು. 1959ರಲ್ಲಿ ಸೂಡಾನಿನಲ್ಲಿ ಮಿಡತೆಗಳ ದಂಡು ಹಸಿರನ್ನೆಲ್ಲ ಬೋಳಿಸಿ ಬೇವಿನ ಮರಗಳನ್ನು ಮಾತ್ರ ಮುಟ್ಟದೆ ಹೋದುದನ್ನು ಶ್ಮುಟ್ಟರರ್ ಎಂಬ ಜರ್ಮನ್ ವಿಜ್ಞಾನಿ ಕಂಡರು. ಆ ರಕ್ಷೆಯ ಸಾರವಾದ ಅಜಾಡಿರಾಕ್ಟಿನ್ ಬೇರ್ಪಟ್ಟದ್ದು 1968ರಲ್ಲಿ, ಅದರ ರಚನೆ ನಿಶ್ಚಯವಾದದ್ದು 1985ರಲ್ಲಿ. ಕೇಂಬ್ರಿಜ್‌ನ ಸ್ಟೀವನ್ ಲೇ ಅವರ ತಂಡ ಅದನ್ನು ಪ್ರಯೋಗಶಾಲೆಯಲ್ಲಿ ಕಟ್ಟುವುದಕ್ಕೆ 22 ವರ್ಷಗಳ ದುಡಿಮೆ ಬೇಕಾಯಿತು. 2007ರಲ್ಲಿ ಅದು ಮುಗಿಯಿತು. ನಮ್ಮ ಬೀದಿಯ ಮರವು ಪ್ರತಿ ಬೇಸಗೆಯಲ್ಲಿಯೂ ತನ್ನ ಬೀಜದೊಳಗೆ ಸದ್ದಿಲ್ಲದೆ ಮಾಡುವ ಕೆಲಸ ಅದು.

ಬೇವು ಕೊಲ್ಲುವ ಬಗೆ ಪೈರೆಥ್ರಮ್‌ನಂತಲ್ಲ. ಅದು ಜಂತುವನ್ನು ಒಮ್ಮೆಲೇ ಕೆಡಹುವುದಿಲ್ಲ. ಹಸಿವನ್ನು ಮುರಿಯುತ್ತದೆ, ಪೊರೆ ಕಳಚುವುದನ್ನು ನಡೆಸುವ ಒಳರಸಗಳನ್ನು ತಡೆಯುತ್ತದೆ, ಹೆಣ್ಣಿಡುವ ಮೊಟ್ಟೆಗಳ ಸಂಖ್ಯೆಯನ್ನು ತಗ್ಗಿಸುತ್ತದೆ, ಇಟ್ಟವುಗಳಲ್ಲಿ ಹಲವು ಒಡೆಯದಂತೆ ಮಾಡುತ್ತದೆ. ಅಂದರೆ ಬೇವಿನ ಯುದ್ಧ ಇಂದಿನ ಉಣ್ಣೆಯೊಡನೆ ಅಲ್ಲ, ಮುಂದಿನ ತಿಂಗಳ ಉಣ್ಣೆಯೊಡನೆ. ಬೆಳಗ್ಗೆ ಹಚ್ಚಿ ಸಂಜೆ ನೋಡಿ, 'ಒಂದೂ ಸತ್ತಿಲ್ಲ' ಎಂದು ಬೇವನ್ನು ನಿಂದಿಸುವವರು ಅದರ ಸ್ವಭಾವವನ್ನು ಅರಿಯದವರು. ಹಾಗೆಯೇ, ಜ್ವರ ಬಂದು ಮಲಗಿರುವ ನಾಯಿಗೆ ಬೇವಿನೆಣ್ಣೆ ಸವರಿ ಕಾದು ಕೂರುವವರೂ ಅದನ್ನು ಅರಿತವರಲ್ಲ. ರಕ್ತದೊಳಗೆ ಸೇರಿದ ರೋಗಾಣುವಿಗೆ ಚರ್ಮದ ಮೇಲಿನ ಎಣ್ಣೆ ಏನನ್ನೂ ಮಾಡಲಾರದು. ಅಲ್ಲಿ ಬೇಕಾದವನು ಪಶುವೈದ್ಯ.

ಪ್ರಯೋಗಶಾಲೆಗಳಲ್ಲಿ ಉಣ್ಣೆಯನ್ನು ಕೊಲ್ಲುವ ಗಿಡಗಳ ಪಟ್ಟಿ ಬಹಳ ಉದ್ದವಾಗಿದೆ. ಹಾಗಾದರೆ ಅಂಗಡಿಗಳಲ್ಲಿ ಅವೇಕೆ ಇಲ್ಲ? ಪ್ರಯೋಗಶಾಲೆಯಲ್ಲಿ ಉಣ್ಣೆಯನ್ನು ಮದ್ದಿನಲ್ಲಿಯೇ ಮುಳುಗಿಸುತ್ತಾರೆ, ಇಲ್ಲವೆ ಮದ್ದು ಸವರಿದ ಕಾಗದದ ಪೊಟ್ಟಣದಲ್ಲಿ ಮರಿಗಳನ್ನು ಕಟ್ಟಿಡುತ್ತಾರೆ. ಹಸುವಿನ ಮೈಮೇಲಾದರೋ ಕೂದಲಿದೆ, ಬೆವರಿದೆ, ಬಿಸಿಲಿದೆ, ಮಳೆಯಿದೆ. ಮದ್ಯಸಾರದಲ್ಲಿ ತೆಗೆದ ಸತ್ತ್ವವು ಮನೆಯಲ್ಲಿ ನೀರು ಕುದಿಸಿ ಮಾಡಿದ ಕಷಾಯಕ್ಕೆ ಇಳಿಯದೆ ಇರಬಹುದು. ಇದರ ಮೇಲೆ ಗಿಡದ ಚಂಚಲತೆ ಬೇರೆ. ಒಂದು ಮರದ ಬೀಜದಲ್ಲಿರುವಷ್ಟು ಸತ್ತ್ವ ಇನ್ನೊಂದರಲ್ಲಿ ಇಲ್ಲ. ಮಳೆಗಾಲದ ಎಲೆ ಬೇಸಗೆಯ ಎಲೆಯಂತಲ್ಲ. ಹೊಸ ಎಣ್ಣೆ ಹಳೆಯ ಎಣ್ಣೆಯಂತಲ್ಲ. ಪ್ರಮಾಣ ನಿಶ್ಚಿತವಾಗದ ಮದ್ದನ್ನು ವೈದ್ಯನು ಬರೆದುಕೊಡಲು ಹಿಂಜರಿಯುವುದು ಸಹಜ. ಇದನ್ನು ಕಂಪೆನಿಗಳ ಸಂಚು ಎನ್ನುವುದಕ್ಕಿಂತ ಗಿಡದ ಸ್ವಭಾವ ಎನ್ನುವುದು ಸತ್ಯಕ್ಕೆ ಹೆಚ್ಚು ಹತ್ತಿರ.

ಆದರೂ ಈ ಕಷ್ಟಗಳನ್ನು ದಾಟಿದ ಉದಾಹರಣೆಗಳಿವೆ. ಅಲಾಸ್ಕದ ಹಳದಿ ಸೀಡರ್ ಮರದಲ್ಲಿಯೂ ಚಕ್ಕೋತದ ಬಂಧುವಾದ ಗ್ರೇಪ್‌ಫ್ರೂಟ್ ಹಣ್ಣಿನ ಸಿಪ್ಪೆಯಲ್ಲಿಯೂ ಇರುವ ನೂಟ್ಕಟೋನ್ ಎಂಬ ಪರಿಮಳದ್ರವ್ಯವು ಉಣ್ಣೆಗಳನ್ನು ಓಡಿಸುತ್ತದೆ, ಕೊಲ್ಲುತ್ತದೆ ಕೂಡ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2020ರಲ್ಲಿ ಅದಕ್ಕೆ ಒಪ್ಪಿಗೆಯ ಮುದ್ರೆಯೊತ್ತಿತು. ಮರ ಕಡಿಯದೆ, ಹಣ್ಣು ಹಿಂಡದೆ, ಯೀಸ್ಟ್ ಹುದುಗಿಸಿ ಅದನ್ನು ತಯಾರಿಸುವ ದಾರಿಯೂ ದೊರೆತಿದೆ. ಇನ್ನೊಂದು ಉದಾಹರಣೆ ಇದಕ್ಕಿಂತ ಸೊಗಸಾದುದು. ಸ್ಟೈಲೋ ಎಂಬ ಮೇವಿನ ಗಿಡದ ಕೆಲವು ಜಾತಿಗಳ ಕಾಂಡ, ಎಲೆಗಳ ಮೇಲೆ ಅಂಟು ಸೂಸುವ ರೋಮಗಳಿರುತ್ತವೆ. ದನಕ್ಕಾಗಿ ಕಾದು ಹತ್ತುವ ಉಣ್ಣೆಮರಿಗಳು ಅಲ್ಲಿಯೇ ಅಂಟಿಕೊಂಡು ಸಾಯುತ್ತವೆ ಎಂದು ಆಸ್ಟ್ರೇಲಿಯದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದರು. ಮದ್ದನ್ನು ಹಸುವಿಗೆ ಹಚ್ಚುವ ಬದಲು ಮೇವೇ ಕಾವಲಿಗೆ ನಿಂತಂತೆ!

ನಮ್ಮ ನಾಡಿನಲ್ಲಿಯೂ ಒಂದು ಪ್ರಯತ್ನ ನಡೆದಿದೆ. ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದ ತಜ್ಞರ ನೆರವಿನಿಂದ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು ಹೈನುಗಾರರಿಗೆ ತಿಳಿಸಿಕೊಡುತ್ತಿರುವ ನಾಟಿ ಚಿಕಿತ್ಸೆಗಳಲ್ಲಿ ಉಣ್ಣೆಯ ಮದ್ದೂ ಒಂದು. ಬೆಳ್ಳುಳ್ಳಿ, ಬೇವಿನ ಎಲೆ ಮತ್ತು ಹಣ್ಣು, ಬಜೆ, ಅರಿಶಿನ, ಲಂಟಾನದ ಎಲೆ, ತುಳಸಿ ಇವನ್ನು ಅರೆದು, 1 ಲೀಟರ್ ನೀರಿನಲ್ಲಿ ಕದಡಿ, ಸೋಸಿ ಹಸುವಿನ ಮೈಗೆ ಹಚ್ಚಬೇಕು. ಇಲ್ಲಿ ಎರಡು ಸೂಚನೆಗಳು ಗಮನಾರ್ಹ. ಮದ್ದನ್ನು ಕೊಟ್ಟಿಗೆಯ ಬಿರುಕು ಸಂದುಗಳಿಗೂ ಸಿಂಪಡಿಸಬೇಕು. ಉಣ್ಣೆ ಅಡಗುವ ತನಕ ವಾರಕ್ಕೊಮ್ಮೆ ಮತ್ತೆ ಮಾಡಬೇಕು. ಗಿಡದ ಮದ್ದು ಬೇಗ ಅಳಿಯುತ್ತದೆ ಎಂಬುದನ್ನೂ, ಉಣ್ಣೆಯ ಸಂಸಾರ ಗೋಡೆಯಲ್ಲಿದೆ ಎಂಬುದನ್ನೂ ಬಲ್ಲವರು ಮಾತ್ರ ಕೊಡಬಹುದಾದ ಸೂಚನೆಗಳಿವು. ಇದನ್ನು ಮೇಲೆ ಹಚ್ಚಬೇಕೇ ಹೊರತು ಕುಡಿಸಬಾರದು. ಲಂಟಾನದ ಎಲೆಯನ್ನು ಮೇಯ್ದ ದನದ ಯಕೃತ್ತು ಕೆಡುತ್ತದೆಂಬುದು ಪಶುವೈದ್ಯರಿಗೆಲ್ಲ ತಿಳಿದ ಸಂಗತಿ.

ಉಣ್ಣೆಯ ಮಾತು ಬಂದಾಗ ಕನ್ನಡಿಗರು ಮಲೆನಾಡನ್ನು ಮರೆಯುವಂತಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಲೋಕಕ್ಕೇ ಹೊಸದಾದ ವೈರಸ್ ಒಂದು ಸಿಕ್ಕಿತು. ನಮ್ಮ ಒಂದು ಹಳ್ಳಿಯ ಹೆಸರು ವೈದ್ಯಗ್ರಂಥಗಳಲ್ಲಿ ಶಾಶ್ವತವಾಗಿ ಸೇರಿದ್ದು ಹೀಗೆ; ಜನರ ಬಾಯಲ್ಲಿ ಅದು 'ಮಂಗನ ಕಾಯಿಲೆ'. ರೋಗವನ್ನು ಮನುಷ್ಯನಿಗೆ ಮುಟ್ಟಿಸುವುದು ಕಾಡಿನ ಉಣುಗಿನ ಎಳೆಯ ಮರಿ. ಬೆಳೆದ ಉಣುಗಿಗೆ ಆಹಾರ ಕಾಡಿಗೆ ಮೇಯಲು ಹೋಗುವ ದನ. ದನಕ್ಕೆ ಆ ರೋಗದಿಂದ ತೊಂದರೆಯಿಲ್ಲ. ಆದರೆ ಅದರ ರಕ್ತ ಕುಡಿದ ಹೆಣ್ಣು ಉಣುಗು ಕೆಳಗಿಳಿದು ಸಾವಿರಗಟ್ಟಲೆ ಮೊಟ್ಟೆಗಳನ್ನಿಡುತ್ತದೆ. ಕೊಟ್ಟಿಗೆಗೆಂದು ಕಾಡಿನಿಂದ ದರಗು ಗುಡಿಸಿ ತಂದರೆ ಅದರೊಡನೆ ಉಣುಗೂ ಮನೆಯಂಗಳಕ್ಕೆ ಬರುತ್ತದೆ. ಜ್ವರ ಬಂದವರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುವರು. ಕಾಯಿಲೆ ಅಂದಿನ ಕಾಡನ್ನು ದಾಟಿ ಇತರ ಜಿಲ್ಲೆಗಳಿಗೂ ನೆರೆಯ ರಾಜ್ಯಗಳಿಗೂ ಹಬ್ಬಿದೆ. ಹಸುವಿನ ಮೈಮೇಲಿನ ಉಣ್ಣೆ ಅಲ್ಲಿ ಹಾಲಿನ ಲೆಕ್ಕಕ್ಕೆ ಮಾತ್ರ ಸೇರಿದ್ದಲ್ಲ.

ಕಾಡಿಗೆ ಹೋಗುವವರು ಕೈಕಾಲಿಗೆ ಸವರಿಕೊಳ್ಳಲೆಂದು ಅಲ್ಲಿ ಸರ್ಕಾರದ ಆರೋಗ್ಯ ಇಲಾಖೆ 'ಡೇಪಾ' ಎಂಬ ತೈಲವನ್ನು ಹಂಚುತ್ತ ಬಂದಿದೆ. ಎಣ್ಣೆಯಾದ್ದರಿಂದ ಅದೂ ಯಾವುದೋ ಬೀಜದ್ದಿರಬೇಕೆಂದು ಭಾವಿಸುವವರುಂಟು. ಅದು ಗ್ವಾಲಿಯರಿನ ರಕ್ಷಣಾ ಪ್ರಯೋಗಶಾಲೆಯಲ್ಲಿ ರೂಪುಗೊಂಡ ಶುದ್ಧ ಕೃತಕ ರಸಾಯನ. ಉಣುಗನ್ನು ಕೊಲ್ಲುವುದಿಲ್ಲ, ಹತ್ತಿರ ಬಾರದಂತೆ ತಡೆಯುತ್ತದೆ. ಇಂಥ ಊರುಗಳಲ್ಲಿ 'ನಮ್ಮದು ಬೇವಿನೆಣ್ಣೆ ಮಾತ್ರ' ಎಂಬ ವ್ರತವನ್ನು ಹಿಡಿಯುವುದು ವಿವೇಕವಲ್ಲ. ದನಕ್ಕೆ ಪಶುವೈದ್ಯರು ಹೇಳಿದ ಮದ್ದು, ಮನುಷ್ಯರಿಗೆ ಇಲಾಖೆಯ ತೈಲ, ಸತ್ತ ಮಂಗ ಕಂಡೊಡನೆ ಅಧಿಕಾರಿಗಳಿಗೆ ಸುದ್ದಿ, ಇವು ಮೊದಲು. ಬೇವು ಅವುಗಳ ಜೊತೆಗೆ ಬರಲಿ, ಬದಲಾಗಿ ಬೇಡ.

ಪಟ್ಟಣದ ಮನೆಗಳಿಗೆ ಹೇಳಬೇಕಾದದ್ದು ಇಷ್ಟು. ನಾಯಿಯನ್ನು ದಿನಕ್ಕೊಮ್ಮೆ ಬಾಚಿ. ಕಿವಿಯ ಒಳಗೆ, ಬೆರಳುಗಳ ಸಂದಿನಲ್ಲಿ, ಕೊರಳಪಟ್ಟಿಯ ಕೆಳಗೆ ನೋಡಿ. ಕಚ್ಚಿಕೊಂಡ ಉಣ್ಣೆಯನ್ನು ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಉಗುರಿನಿಂದ ಹಿಸುಕಬೇಡಿ, ಊದಿನಕಡ್ಡಿಯಿಂದ ಸುಡುವುದು, ಸೀಮೆಎಣ್ಣೆ ಹಚ್ಚುವುದು ಬೇಡ. ನಾಯಿಯ ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಗೋಡೆಯ ಬಿರುಕುಗಳನ್ನು ಗಾರೆಯಿಂದ ಮುಚ್ಚಿ. ಬೇವಿನೆಣ್ಣೆ ಬಳಸುವುದಾದರೆ ವೈದ್ಯರು ಹೇಳಿದಷ್ಟು ಬೆರಸಿ, ಮೊದಲು ಅಂಗೈಯಗಲ ಜಾಗದಲ್ಲಿ ಹಚ್ಚಿ ಒಂದು ದಿನ ಕಾದು ನೋಡಿ, ತುರಿಕೆಯಿಲ್ಲದಿದ್ದರೆ ಮುಂದುವರಿಸಿ. ಬೆಕ್ಕಿಗೂ ಎಳೆಯ ಮರಿಗಳಿಗೂ ಕೇಳದೆ ಯಾವುದನ್ನೂ ಹಚ್ಚಬೇಡಿ. ಅನ್ನ ಬಿಟ್ಟು ಮಂಕಾಗಿ ಮಲಗಿದ ನಾಯಿಗೆ ಎಣ್ಣೆಯ ಸೀಸೆಯನ್ನಲ್ಲ, ಚಿಕಿತ್ಸಾಲಯದ ದಾರಿಯನ್ನು ತೋರಿಸಿ.

ರಸಾಯನದ ಮದ್ದು ನಮ್ಮ ಶ್ರಮವನ್ನು ಉಳಿಸುತ್ತದೆ. ಅದಕ್ಕಾಗಿ ಹಾಲಿನಲ್ಲಿ ಶೇಷವನ್ನೂ ಉಣ್ಣೆಯಲ್ಲಿ ಹಟವನ್ನೂ ಬೆಲೆಯಾಗಿ ಕೇಳಬಹುದು. ಗಿಡದ ಮದ್ದು ಆ ಬೆಲೆಯನ್ನು ಅಷ್ಟಾಗಿ ಕೇಳುವುದಿಲ್ಲ. ನಮ್ಮ ಶ್ರಮವನ್ನೇ ಕೇಳುತ್ತದೆ. ಅರೆಯಬೇಕು, ಅಳೆಯಬೇಕು, ವಾರವಾರವೂ ಹಚ್ಚಬೇಕು, ಗೋಡೆಯ ಸಂದುಗಳನ್ನು ಹುಡುಕಬೇಕು. ಆ ಶ್ರಮಕ್ಕೆ ಸಿದ್ಧವಿದ್ದ ಮನೆಯಲ್ಲಿ ಬೇವು ದೊಡ್ಡ ಬಲ. ಶ್ರಮವೂ ಬೇಡ, ಅಳತೆಯೂ ಬೇಡ, 'ಗಿಡದ್ದು' ಎಂಬ ಹೆಸರೊಂದೇ ಸಾಕು ಎನ್ನುವ ಮನೆಯಲ್ಲಿ ಗೆಲ್ಲುವುದು ಉಣ್ಣೆಯೇ.